ಮೀನಿನ ಶೆಡ್ಡಿನಲ್ಲಿ ಮಂಗಳವಾರಗಳು

ಬೀಗದ ಕೈ ನನ್ನ ಬಳಿ.
ಮೂವತ್ತೊಂದು ವರ್ಷ ಇದೇ ಶೆಡ್ಡಿನಲ್ಲಿ
ಕಾಡ್ ಮೀನು ಸೀಳಿದವಳು ನಾನು.
ಈ ಬಾಗಿಲಿನ ಮುನಿಸು ನನಗಷ್ಟೇ ಗೊತ್ತು:
ಮೊದಲು ನಮ್ಮತ್ತ ಎಳೆದು, ಆಮೇಲೆ ಭುಜ ಕೊಡಬೇಕು.
ಎಡ ಭುಜ.
ಬಲದ್ದು ಎಂದೋ ಚಾಕುವಿಗೆ ಸಂದಿತು.

ನಾರ್ವೆಯ ಈ ತುದಿಯಲ್ಲಿ
ನವೆಂಬರಿನ ಕೊನೆಗೆ ಸೂರ್ಯ ಹೋಗುತ್ತಾನೆ.
ತಾರೀಖು ಕ್ಯಾಲೆಂಡರಿನಲ್ಲೇ ಇರುತ್ತದೆ,
ಆದರೂ ಪ್ರತಿ ವರ್ಷ
ಹೇಳದೆ ಕೇಳದೆ ಎದ್ದುಹೋದ ಹಾಗೆ.
ನರ್ಸ್ ಮಾರೆತ್ ಸೂರ್ಯ ನಮಸ್ಕಾರ ಶುರುಮಾಡಿದ್ದು
ಸರಿಯಾಗಿ ಆ ವಾರ.
'ಯಾರಿಗೆ?' ಅಂದ ಒಡ್ವಾರ್,
ಕಿಟಕಿಯಾಚೆಯ ಮಧ್ಯಾಹ್ನದ ಕಗ್ಗತ್ತಲೆ ತೋರಿಸಿ.
'ಯಾವ ದಿಕ್ಕಿಗೆ?' ಅಂದಳು ಹಾಲ್ದಿಸ್.
ಕಾಫಿ ಮುಗಿಯುವ ತನಕ ವಾದ.
ಚಳಿಗಾಲದಲ್ಲಿ ಅವನು ಇಲ್ಲಿ
ಹುಟ್ಟುವುದೂ ದಕ್ಷಿಣಕ್ಕೆ, ಮುಳುಗುವುದೂ ದಕ್ಷಿಣಕ್ಕೆ.
ದಕ್ಷಿಣಕ್ಕಿರುವುದು
ಔಷಧಿ ಅಂಗಡಿಯ ಹಸಿರು ದೀಪ.
ಎರಡು ತಿಂಗಳು ಹನ್ನೊಂದು ಮಂದಿ
ಅದಕ್ಕೇ ಕೈಮುಗಿದು ಬಗ್ಗಿದೆವು.
ಫಲ ಸಿಗಲಿಲ್ಲ ಅನ್ನಲಾರೆ:
ಅಂಗಡಿಯವಳು ನಾಚಿ ನಾಚಿ, ಕ್ರಿಸ್‌ಮಸ್ಸಿಗೆ ಮುಂಚೆ
ತಾನೂ ಬಂದು ಸೇರಿದಳು.

ಚಾಪೆಯೆಂದರೆ ಹಳೆಯ ದೋಣಿಯ ಟಾರ್ಪಾಲು.
ಕತ್ತರಿಸಿದವನು ಒಡ್ವಾರನೇ, ಅಳತೆ ಮಾತ್ರ ಅವನದಲ್ಲ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ;
ಆರೂವರೆ ಅಡಿಯ ಆಳು ಏನು ಮಾಡಬೇಕು?
ಮೀನಖಂಡದ ಕೆಳಗೆಲ್ಲ ಕೊರೆವ ಸಿಮೆಂಟು.
ಏಡಿ ಕಾರ್ಖಾನೆಯ ಹುಡುಗ ತೆಸ್ಫಾಯ್,
ಬಿಸಿಲು ಸಾಕುಬೇಕಾಗುವ ದೇಶದವನು,
ತುಟಿ ಬಿಚ್ಚದೆ ತನ್ನ ಜಾಕೆಟ್ಟು ಮಡಿಸಿ
ಆ ಕಾಲುಗಳ ಕೆಳಗೆ ತೂರಿಸಿದ.
ಆಮೇಲೆ ಪ್ರತಿ ಮಂಗಳವಾರ
ಆ ಜಾಕೆಟ್ಟಿನ ಜಾಗ ಅದೇ.

ತೂರ್ಬ್ಯೋರ್ಗ್‌ಗೆ ಶವಾಸನ ಆಗದು,
ಹೆಸರಿನ ಅರ್ಥ ಕೇಳಿದ ದಿನದಿಂದ.
ಅವಳ ಗಂಡನನ್ನು ಸಮುದ್ರ ಇನ್ನೂ ವಾಪಸು ಕೊಟ್ಟಿಲ್ಲ.
ನಾವು ಸಾಲಾಗಿ ಮಲಗಿದರೆ
ಅವಳು ಹೀಟರಿನ ಬಳಿ ಕೂತು ಉಣ್ಣೆ ಹೆಣೆಯುತ್ತಿದ್ದಳು.
ಮುಚ್ಚಿದ ಕಣ್ಣಿಗೆ ಕಡ್ಡಿಗಳ ಸದ್ದು,
ಟಿಕ್, ಟಿಕ್,
ಯಾರೋ ಕಾವಲಿದ್ದಾರೆ ಎಂಬ ಸದ್ದು.
ನನ್ನ ಆಯುಷ್ಯದಲ್ಲೇ ಅಷ್ಟು ನಿಶ್ಚಿಂತೆಯಾಗಿ
ಮಲಗಿದ್ದು ನೆನಪಿಲ್ಲ.

ಸೂರ್ಯ ಬಂದ ದಿನ ಯಾರೂ ನಮಸ್ಕಾರ ಮಾಡಲಿಲ್ಲ.
ಗುಡ್ಡದ ಅಂಚಿಗೆ ಉಗುರಿನಷ್ಟು ಕೆಂಪು.
ಕಲಿತದ್ದೆಲ್ಲ ಚಾಪೆಯ ಮೇಲೇ ಬಿಟ್ಟು
ಕಾಲುಚೀಲದಲ್ಲೇ ಹಿಮಕ್ಕೆ ಓಡಿ
ಬಾಯಿ ತೆರೆದು ನಿಂತೆವು.
ಮಾರೆತ್ ಬೈಯಲಿಲ್ಲ,
ಅವಳ ಕಾಲುಚೀಲವೂ ಒದ್ದೆ.

ಮಾರ್ಚಿಗೆ ಮೀನು ಬಂತು, ಗಂಡಸರು ಕಡಲಿಗೆ.
ಉಳಿದ ನಾಲ್ವರು ಮಾಡಿದ್ದು ವೃಕ್ಷಾಸನ.
ಗಾಳಿಗೆ ಮರವೇ ನಿಲ್ಲದ ದ್ವೀಪ ಇದು,
ಇರುವುದೊಂದು ರೋವನ್ ಗಿಡ, ಹಾಲ್ದಿಸಳ ಹಿತ್ತಲಲ್ಲಿ,
ಅದೂ ಸೊಂಟದೆತ್ತರ, ಕಂಬಳಿ ಹೊದ್ದು.
ಒಂಟಿ ಕಾಲಲ್ಲಿ ತೂಗುತ್ತ
ಪಕ್ಕದವಳ ಭುಜಕ್ಕೆ ಎರಡೇ ಬೆರಳು ತಾಗಿಸಿದೆವು.
ಅಷ್ಟು ಹೊತ್ತು
ನಮ್ಮೂರಲ್ಲೊಂದು ತೋಪು.

ಈಗ ಜೂನ್. ನಡುರಾತ್ರಿಗೂ ಬಿಸಿಲು.
ರೆಪ್ಪೆ ಮುಚ್ಚಿದರೆ ಒಳಗೂ ಬೆಳಕು, ಕಿತ್ತಳೆ ಬಣ್ಣದ್ದು.
ತೂರ್ಬ್ಯೋರ್ಗ್ ಚೀಲ ಬಿಚ್ಚಿದಳು:
ಚಳಿಗಾಲವೆಲ್ಲ ಹೆಣೆದ ಕಪ್ಪು ಉಣ್ಣೆಯ ಕಣ್ಣುಪಟ್ಟಿಗಳು,
ತಲೆಗೊಂದು.
ಕುರಿಯ ವಾಸನೆ, ವಿಪರೀತ ತುರಿಕೆ,
ಆದರೆ ಒಳಗೆ ಅಪ್ಪಟ ಡಿಸೆಂಬರು.
ಎಲ್ಲರೂ ಮಲಗಿದರು. ಒಡ್ವಾರನ ಗೊರಕೆ ಎದ್ದಿತು.
ಕಡ್ಡಿಯ ಸದ್ದು ಮಾತ್ರ ಇಲ್ಲ.
ಪಟ್ಟಿಯ ಅಂಚೆತ್ತಿ ನೋಡಿದೆ:
ಆರಿದ ಹೀಟರಿನ ಬಳಿ, ಬರಿಗೈಯಲ್ಲಿ,
ನಮ್ಮನ್ನು ಒಬ್ಬೊಬ್ಬರನ್ನಾಗಿ ಎಣಿಸುತ್ತಿದ್ದಳು.

ಎದ್ದು ಹೋಗಿ ಪಕ್ಕ ಕೂತೆ.
ಅವಳು ಸ್ವಲ್ಪ ಸರಿದು ಜಾಗ ಕೊಟ್ಟಳು.
ನನ್ನ ಜೇಬಿನಲ್ಲಿ ಬೀಗದ ಕೈ,
ಅವಳ ಎಣಿಕೆ ಏಳಕ್ಕೆ ಬಂದಿತ್ತು.